ಹ್ಯೂಸ್ಟನ್‌ನಲ್ಲಿ ಸ್ನೋ, ನನ್ನ ಮೇಲೆ ಅನುಮಾನ

ಹವಾಮಾನಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಆದರೂ ಆಕಾಶದಿಂದ ಏನೇ ಬೀಳಲಿ, ನಮ್ಮ ಮನೆಯಲ್ಲಿ ಅದಕ್ಕೆ ನಾನೇ ಕಾರಣ ಅಂತ ತೀರ್ಮಾನವಾಗಿಬಿಡುತ್ತದೆ. ಮದುವೆಯಾದಾಗಿನಿಂದ ಇಂಥವು ನಡೆಯುತ್ತಲೇ ಇವೆ. ಈಗ ರಿಟೈರ್ ಆಗಿ ಬಿಡುವು ಸಿಕ್ಕಿರುವುದರಿಂದ ಕೂತು ಆನಂದಿಸುತ್ತಿದ್ದೇನೆ, ಅಷ್ಟೆ.

ಈ ಸಲದ್ದು ಶುರುವಾದದ್ದು ಒಂದು ದಾಸವಾಳದಿಂದ. ಹ್ಯೂಸ್ಟನ್‌ನಲ್ಲಿರುವ ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಪ್ರತಿ ಜನವರಿಯಲ್ಲೂ ಹಿತ್ತಲ ದಾಸವಾಳದ ಪಕ್ಕ ಚಡ್ಡಿ ಹಾಕಿಕೊಂಡು ನಿಂತು ಫೋಟೊ ಕಳಿಸುತ್ತಾನೆ. ಅದು ಬಂದು ಮುಟ್ಟುವ ಹೊತ್ತಿಗೆ ಸರಿಯಾಗಿ ನಾನು ಮಿಷಿಗನ್‌ನ ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಡ್ರೈವ್‌ವೇ ಮೇಲಿನ ಸ್ನೋ ಎತ್ತಿ ಹಾಕುತ್ತಿರುತ್ತೇನೆ. ಹೋದ ವರ್ಷ ಆ ಫೋಟೊ ನೋಡಿದ ನನ್ನ ಹೆಂಡತಿ, "ಸಾಕು ರೀ. ಈ ಮನೆ ಮಾರಿ ಅವನ ಬೀದೀಲೇ ಒಂದು ಮನೆ ತಗೊಳ್ಳೋಣ" ಅಂದಳು.

ನನಗೆ ಹೋಗುವ ಮನಸ್ಸಿರಲಿಲ್ಲ. ಇಲ್ಲೇ ವಾರೆನ್‌ನಲ್ಲಿರುವ ಕಾರು ಕಂಪನಿಯ ಟೆಕ್ನಿಕಲ್ ಸೆಂಟರ್‌ನಲ್ಲಿ, ಕಾರಿನ ಬಾಗಿಲುಗಳನ್ನು ಚಳಿ ಕೋಣೆಯಲ್ಲಿಟ್ಟು ತೆಗೆದು ಮುಚ್ಚಿ ಪರೀಕ್ಷೆ ಮಾಡುತ್ತಲೇ ಸರ್ವೀಸು ಮುಗಿಸಿದವನು ನಾನು. ಚಳಿ ನನಗೆ ಹಳೆಯ ಸಹೋದ್ಯೋಗಿ ಇದ್ದ ಹಾಗೆ. ಭಾವಮೈದನ ಮೇಲೂ ನನಗೆ ಪ್ರೀತಿಯಿದೆ. ಆದರೆ ಆ ಪ್ರೀತಿ ಇಷ್ಟು ವರ್ಷ ಕೆಡದೆ ಉಳಿದಿರುವುದು ನಮ್ಮಿಬ್ಬರ ನಡುವೆ ಸಾವಿರಕ್ಕೂ ಹೆಚ್ಚು ಮೈಲಿ ಇರುವುದರಿಂದ. ಅವನ ಪಕ್ಕದಲ್ಲೇ ವಾಸ ಅಂದರೆ ಆ ಮೈಲಿಗಳೆಲ್ಲ ಹೋಗಿ, ಒಂದು ಬೇಲಿ ಉಳಿಯುತ್ತದೆ.

ಹೆಂಡತಿ ಮನೆ ನೋಡಲು ಹೊರಟಳು. "ನೀವು ಬರಲ್ವಾ?" ಅಂದಳು. "ಚಳಿಗೆ ಪೈಪ್ ಗೀಪ್ ಒಡೆದರೆ? ಮನೇಲಿ ಒಬ್ಬರು ಇರಬೇಕಲ್ಲ" ಅಂದೆ. ಏರ್‌ಪೋರ್ಟ್‌ನಲ್ಲಿ ಕಾರಿಂದ ಇಳಿದ ಮೇಲೂ ತಿರುಗಿ ತಿರುಗಿ ನನ್ನ ಮುಖ ನೋಡಿದಳು.

ಅವಳು ಹೋದ ವಾರವೇ ಹ್ಯೂಸ್ಟನ್‌ಗೆ ಸ್ನೋ ಬಿತ್ತು.

ವಿಡಿಯೋ ಆನ್ ಮಾಡಿ

ಬೆಳಿಗ್ಗೆ ಫೋನು. "ರೀ, ಇಲ್ಲಿ ಸ್ನೋ ಬೀಳ್ತಿದೆ."

"ಅಯ್ಯೋ ಪಾಪ" ಅಂದೆ.

"ಯಾಕೆ ನಗ್ತಿದೀರಿ?"

"ನಾನೆಲ್ಲಿ ನಗ್ತಿದೀನಿ?"

"ವಿಡಿಯೋ ಆನ್ ಮಾಡಿ."

ಒಂದು ನಿಮಿಷ ತಡಿ ಅಂತ ಹೇಳಿ, ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಮುಖವನ್ನು ಸಾವಿನ ಮನೆಗೆ ಹೋಗುವವರ ಹಾಗೆ ಇಳಿಬಿಟ್ಟುಕೊಂಡು ಬಂದು ವಿಡಿಯೋ ಹಾಕಿದೆ. ಅವಳು ನೋಡಿದವಳೇ ಒಳಗೆ ತಿರುಗಿ ತಮ್ಮನಿಗೆ ಹೇಳಿದಳು: "ಮೂವತ್ತು ವರ್ಷದಲ್ಲಿ ನನ್ನ ಯಾವ ಕಷ್ಟಕ್ಕೂ ಇವರು ಇಷ್ಟು ಬೇಜಾರು ಮಾಡ್ಕೊಂಡಿದ್ದಿಲ್ಲ ಕಣೋ. ಖುಷಿಯಾಗಿದಾರೆ!"

ತೊಟ್ಟಿಕ್ಕುವ ನಲ್ಲಿ

ರಾತ್ರಿಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ನೀರು ಹೆಪ್ಪುಗಟ್ಟುವುದಕ್ಕಿಂತಲೂ ಕೆಳಗೆ, ಇಳಿಯುತ್ತದೆ ಅಂತ ಸುದ್ದಿ ಬಂತು. ಅಲ್ಲಿನ ಮನೆಗಳ ಪೈಪುಗಳಿಗೆ ಅಂಥ ಚಳಿ ಗೊತ್ತಿಲ್ಲ. "ಎಲ್ಲಾ ನಲ್ಲಿಗಳನ್ನೂ ಸಣ್ಣಗೆ ತೊಟ್ಟಿಕ್ಕೋ ಹಾಗೆ ಬಿಡು. ನೀರು ಓಡಾಡ್ತಿದ್ರೆ ಪೈಪ್ ಹೆಪ್ಪುಗಟ್ಟಲ್ಲ" ಅಂತ ಭಾವಮೈದನಿಗೆ ಹೇಳಿದೆ.

ಅವನ ಹೆಂಡತಿ ಮೈಸೂರಿನವಳು. ದಿನ ಬಿಟ್ಟು ದಿನ ಬರುವ ಕಾರ್ಪೊರೇಷನ್ ನೀರಿಗೆ ಸಾಲಾಗಿ ಬಿಂದಿಗೆ ಇಟ್ಟು ಕಾದು ಬೆಳೆದವಳು. ನಲ್ಲಿ ತೊಟ್ಟಿಕ್ಕಿದರೆ ಎದ್ದು ಹೋಗಿ ತಿರುಗಿಸುವುದು ಅವಳಿಗೆ ರಕ್ತದಲ್ಲೇ ಬಂದಿದೆ. "ಡೆಟ್ರಾಯ್ಟ್ ಅಣ್ಣ ನಿಜವಾಗ್ಲೂ ಹೇಳ್ತಿದಾರಾ, ಇಲ್ಲಾ ಅತ್ತಿಗೆ ಇಲ್ಲಿಗೆ ಬರ್ತಾರೆ ಅನ್ನೋ ಸಿಟ್ಟಿಗಾ?" ಅಂತ ಗಂಡನನ್ನು ಕೇಳಿದಳಂತೆ.

ಭಾವಮೈದ ಸೆಕೆಂಡ್ ಒಪೀನಿಯನ್‌ಗೆ ಚಿಕಾಗೋಗೆ ಫೋನ್ ಮಾಡಿದ. ಅಲ್ಲಿ ವೆಸ್ಟ್‌ಮಂಟ್‌ನಲ್ಲಿ ನನ್ನ ಷಡ್ಡಕರಿದ್ದಾರೆ, ಹೆಂಡತಿಯ ಅಕ್ಕನ ಗಂಡ, ಡಾಕ್ಟರು. ಕಾಫಿಗೆ ಚಿಕೋರಿ ಎಷ್ಟು ಅನ್ನುವುದರಿಂದ ಹಿಡಿದು ಹೈವೇಯಲ್ಲಿ ಯಾವ ಎಕ್ಸಿಟ್ ತಗೊಳ್ಳಬೇಕು ಅನ್ನುವವರೆಗೆ ನಾನು ಒಂದು ಹೇಳಿದರೆ ಅವರು ಇನ್ನೊಂದು ಹೇಳುತ್ತಾರೆ. ಈ ಒಂದು ಸಲ ಮಾತ್ರ, "ಡೆಟ್ರಾಯ್ಟ್ ಭಾವ ಹೇಳಿದ್ದು ಸರಿ, ನಲ್ಲಿ ಬಿಡಿ" ಅಂದುಬಿಟ್ಟರು.

ಫೋನಿಟ್ಟ ಭಾವಮೈದ ನನ್ನ ಹೆಂಡತಿಯನ್ನು ಮೂಲೆಗೆ ಕರೆದು ಪಿಸುಗುಟ್ಟಿದ: "ಅಕ್ಕ, ಭಾವಂದಿರಿಬ್ಬರೂ ಒಂದೇ ಮಾತು ಹೇಳ್ತಿದಾರೆ. ಇದರಲ್ಲೇನೋ ಇದೆ."

ಕೊನೆಗೆ ನಲ್ಲಿ ಬಿಟ್ಟರು, ಬಿಡಲಿಲ್ಲ ಅಂತಲ್ಲ. ಆದರೆ ಒಂದು ಹನಿಯೂ ಮೋರಿಗೆ ಹೋಗಬಾರದು ಅಂತ ಪ್ರತಿ ನಲ್ಲಿಯ ಕೆಳಗೂ ಪಾತ್ರೆ. ಅದು ತುಂಬಿದರೆ ಇನ್ನೊಂದು. ಬೆಳಗಾಗುವಷ್ಟರಲ್ಲಿ ಕುಕ್ಕರು, ಇಡ್ಲಿ ಪಾತ್ರೆ, ಬಾಣಲೆ, ಹಾಲಿನ ಪಾತ್ರೆ ಎಲ್ಲ ಭರ್ತಿ. ಉಪ್ಪಿಟ್ಟು ಮಾಡಲು ಒಂದು ಪಾತ್ರೆಯೂ ಖಾಲಿಯಿಲ್ಲ, ಚೆಲ್ಲಲು ಮನಸ್ಸಿಲ್ಲ. ಪೈಪು ಒಡೆಯಲಿಲ್ಲ. ಮನೆಮಂದಿಯೆಲ್ಲ ಬ್ರೆಡ್ ತಿಂದು, "ಭಾವನ ಮಾತು ಕೇಳಿ ಉಪವಾಸ ಬಿದ್ವಿ" ಅಂದರು.

ಮನೆ ನೋಡುವ ಶಾಸ್ತ್ರ

ಮಾರನೆಯ ದಿನ ಮನೆ ತೋರಿಸಬೇಕಿದ್ದ ಏಜೆಂಟು ರಸ್ತೆ ಜಾರುತ್ತದೆ, ನಾನು ಬರಲ್ಲ ಅಂದಳು. ಮನೆ ಅದೇ ಬೀದಿಯ ಕೊನೆಯಲ್ಲಿತ್ತು. "ನಾನು ಮಿಷಿಗನ್‌ನವಳು, ಇಷ್ಟಕ್ಕೆಲ್ಲ ಹೆದರ್ತೀನಾ?" ಅಂತ ನನ್ನ ಹೆಂಡತಿ ತಮ್ಮನನ್ನೂ ಎಳೆದುಕೊಂಡು ನಡೆದೇ ಹೊರಟಳು. ನನ್ನನ್ನೂ ವಿಡಿಯೋದಲ್ಲಿ ಹಿಡಿದುಕೊಂಡು ಹೋದಳು, ಸಾಕ್ಷಿಗೆ.

ಭಾವಮೈದನ ಅವತಾರ ನೋಡಬೇಕಿತ್ತು. ಬೆಚ್ಚನೆಯ ಕೋಟಿಲ್ಲ, ಹೆಂಡತಿಯ ಕಾಶ್ಮೀರಿ ಶಾಲು. ತಲೆಗೆ ಊರಿಂದ ತಂದ ಮಂಕಿ ಕ್ಯಾಪು, ಕಣ್ಣು ಮಾತ್ರ ಕಾಣುತ್ತಿತ್ತು. ಕೈಗಳಿಗೆ ಸಾಕ್ಸು. ಒಂದು ಕೈಯಲ್ಲಿ ದೋಸೆ ಮಗುಚುವ ಕೈ, ಕಾರಿನ ಗಾಜಿನ ಮೇಲಿನ ಐಸ್ ಕೆರೆಯುತ್ತಿದ್ದವನು ಹಾಗೇ ಬಂದಿದ್ದ.

ಬೆಲ್ ಮಾಡಿದರು. ಬಾಗಿಲು ತೆರೆಯಲಿಲ್ಲ. ಕ್ಯಾಮೆರಾ ಇದ್ದ ಬೆಲ್ಲಿನ ಒಳಗಿಂದಲೇ ಒಬ್ಬ ಮುದುಕನ ದನಿ, ಯಾರು ನೀವು, ಏನು ಬೇಕು ಅಂತ ಇಂಗ್ಲಿಷಿನಲ್ಲಿ.

"ಮನೆ ನೋಡಕ್ಕೆ ಬಂದಿದೀವಿ" ಅಂದಳು ನನ್ನ ಹೆಂಡತಿ.

"ಈ ಹವಾದಲ್ಲಿ? ಅವನ ಕೈಯಲ್ಲೇನದು?"

ಭಾವಮೈದ ತೋರಿಸಲೆಂದು ಮಗುಚುವ ಕೈಯನ್ನು ಕ್ಯಾಮೆರಾದ ಹತ್ತಿರ ಎತ್ತಿದ. ಒಳಗಿಂದ ಇನ್ನೊಂದು ಚಿಲಕ ಹಾಕಿದ ಸದ್ದಾಯಿತು.

"ಹೆದರ್ಬೇಡಿ, ನಾವು ಮಿಷಿಗನ್‌ನವರು" ಅಂದಳು ಇವಳು.

ದನಿ ಸ್ವಲ್ಪ ಮೆತ್ತಗಾಯಿತು. "ಮಿಷಿಗನ್ ಬಿಟ್ಟು ಇಲ್ಲಿಗೆ ಯಾಕೆ ಬರ್ತಿದೀರಿ?"

ಮೊಣಕಾಲ ಕೆಳಗೆಲ್ಲ ಒದ್ದೆಯಾಗಿ, ತಲೆ ಮೇಲೆ ಬಿಳಿಯಾಗಿ ನಿಂತಿದ್ದ ನನ್ನ ಹೆಂಡತಿ ಹೇಳಿದಳು: "ಅಲ್ಲಿ ಸ್ನೋ ಬೀಳತ್ತೆ, ಅದಕ್ಕೆ."

ಮುದುಕ ಒಳಗಿನ ದೀಪ ಆರಿಸಿದ.

ಉಪ್ಪಿನ ವಿಷಯ

"ಮೆಟ್ಟಿಲ ಮೇಲೆ ಉಪ್ಪು ಹಾಕು, ಐಸ್ ಕರಗತ್ತೆ" ಅಂತ ನಾನು ಹೇಳಿದ್ದು ನಿಜ. ತಪ್ಪಿದ್ದರೆ ಅಷ್ಟೇ ನನ್ನದು.

ಉಪ್ಪು ಅಂದರೆ ಲಕ್ಷ್ಮಿ, ತುಳಿಯಬಾರದು ಅಂತ ಭಾವಮೈದನ ಹೆಂಡತಿ ತಮ್ಮ ಮೆಟ್ಟಿಲಿಗೆ ಹಾಕಲು ಬಿಡಲಿಲ್ಲ. ಸರಿ, ಪಕ್ಕದ ಮನೆಯಲ್ಲಿ ಧಾರವಾಡದ ಕಡೆಯ ಆಂಟಿಯಿದ್ದಾರೆ, ಅವರು ಜಾರಿ ಬೀಳದಿರಲಿ ಅಂತ ಭಾವಮೈದ ಅವರ ಮೆಟ್ಟಿಲಿಗೆ ಹಾಕಿ ಬಂದ. ಅಂಗಡಿಗಳಲ್ಲಿ ಉಪ್ಪು ಖಾಲಿ. ಮನೆಯಲ್ಲಿದ್ದದ್ದು ಉಪ್ಪಿನಕಾಯಿಗೆಂದು ಅರಿಶಿನ, ಖಾರದಪುಡಿ ಬೆರೆಸಿಟ್ಟಿದ್ದ ಉಪ್ಪು. ಅದನ್ನೇ ಧಾರಾಳವಾಗಿ ಚೆಲ್ಲಿದ. ಹೇಳಿ ಬಂದನೋ ಅಂದರೆ, ಅದೂ ಇಲ್ಲ.

ಆಂಟಿ ಬಾಗಿಲು ತೆರೆದು ನೋಡುತ್ತಾರೆ: ಮೆಟ್ಟಿಲ ತುಂಬ ಕೆಂಪು, ಹಳದಿ, ಉಪ್ಪು!

ಸ್ವಲ್ಪ ಹೊತ್ತಿಗೆ ಭಾವಮೈದನ ಬಾಗಿಲಲ್ಲಿ ಕುಂಕುಮ ಹಚ್ಚಿದ ಅರ್ಧ ನಿಂಬೆಹಣ್ಣು ಪ್ರತ್ಯಕ್ಷವಾಯಿತು. ನನ್ನ ಹೆಂಡತಿ ಸಮಾಧಾನ ಮಾಡಲು ಓಡಿದಳು. "ಆಂಟಿ, ಅದು ಬರೀ ಉಪ್ಪು. ಐಸ್ ಕರಗಲಿ ಅಂತ ಹಾಕಿದ್ದು."

"ಬರೇ ಉಪ್ಪಂತ! ನಂಗೇನ್ ತಿಳಿಯಂಗಿಲ್ಲೇನು?" ಆಂಟಿ ಬೀದಿಯುದ್ದಕ್ಕೂ ಕೈ ತೋರಿಸಿದರು. "ನೋಡ್ರಿ, ಎಲ್ಲಾರ ಮನಿ ಮುಂದೂ ಸ್ನೋ ಹಂಗ ಐತಿ. ನಮ್ಮ ಮನಿ ಮುಂದಷ್ಟ ನೀರಾಗಿ ಹರದು ಹೋಗೇತಿ. ಎಂಥಾ ಜೋರ್ ಮಾಟ ಇರಬೇಕು!"

ಗೆದ್ದವನ ಪಾಡು

ಹೆಂಡತಿ ವಾಪಸ್ಸು ಬಂದಳು. ಡೆಟ್ರಾಯ್ಟ್ ಏರ್‌ಪೋರ್ಟಿನಿಂದ ಮನೆಯವರೆಗೆ ರಸ್ತೆ ಸ್ವಚ್ಛವಾಗಿತ್ತು, ಎರಡೂ ಬದಿಗೆ ಆಳೆತ್ತರ ಸ್ನೋ ತಳ್ಳಿಟ್ಟಿದ್ದರು. ಅದನ್ನೇ ನೋಡುತ್ತ ಬಂದವಳು ನಮ್ಮ ಬಡಾವಣೆಯೊಳಗೆ ತಿರುಗುವಾಗ, "ಮನೆ ಮಾರೋದು ಬೇಡ ಬಿಡಿ" ಅಂದಳು. ನಾನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, "ನಿನ್ನಿಷ್ಟ" ಅಂದೆ. "ಇಷ್ಟು ಬೇಗ ಒಪ್ಪಿದ್ರಾ?" ಅಂತ ಮನೆ ಬರುವವರೆಗೂ ನನ್ನನ್ನೇ ನೋಡಿದಳು. ನೋಡಲಿ. ಮನೆ ಉಳಿಯಿತು, ಮೈಲಿಗಳೂ ಉಳಿದವು.

ಈ ಚಳಿಗಾಲದ ಮಾತು. ನಮ್ಮಲ್ಲಿ ಭರ್ತಿ ಒಂದಡಿ ಬಿದ್ದಿತ್ತು. ನಾನು ಹಾಡು ಗುನುಗುತ್ತ ಡ್ರೈವ್‌ವೇನಲ್ಲಿ ಸಲಿಕೆ ಹಿಡಿದು ಅರ್ಧ ಮುಗಿಸಿದ್ದೆ. ಒಂದು ಟ್ಯಾಕ್ಸಿ ಬಂದು ನಿಂತಿತು. ಇಳಿದದ್ದು ಭಾವಮೈದ, ಹಿಂದೆ ಅವನ ಹೆಂಡತಿ, ಆಮೇಲೆ ದೊಡ್ಡ ದೊಡ್ಡ ಸೂಟ್‌ಕೇಸುಗಳು. ಒಂದು ಫೋನಿಲ್ಲ, ಮೆಸೇಜಿಲ್ಲ. ನನಗೆ ಆಗಲೇ ಅನುಮಾನ ಬಂತು.

"ಏನೋ ಇದು ಇದ್ದಕ್ಕಿದ್ದ ಹಾಗೆ?"

"ಹ್ಯೂಸ್ಟನ್‌ಗೆ ಮತ್ತೆ ಸ್ನೋ ಬರತ್ತಂತೆ ಭಾವ, ಎರಡಿಂಚು! ತಪ್ಪಿಸ್ಕೊಂಡು ಬಂದ್ಬಿಟ್ವಿ."

"ವಾಪಸ್ ಯಾವಾಗ?"

"ಚಳಿಗಾಲ ಮುಗೀಲಿ, ನೋಡೋಣ. ಟಿಕೆಟ್ ತಗೊಂಡಿಲ್ಲ. ಇನ್ಮೇಲೆ ಪ್ರತಿ ವರ್ಷ ಇಲ್ಲೇ ಅಂತ ಅಕ್ಕನ ಹತ್ರ ಮಾತಾಡಿದೀನಿ."

ಬಾಗಿಲಲ್ಲಿ ನನ್ನ ಹೆಂಡತಿ ನಗುತ್ತ ನಿಂತಿದ್ದಳು. ನಾನು ಒಂದು ಕೈ ಸೊಂಟದ ಮೇಲಿಟ್ಟು ಸಲಿಕೆಯಿಂದ ಸುತ್ತಲೂ ತೋರಿಸಿದೆ. "ಲೋ, ಎರಡಿಂಚಿಗೆ ಹೆದರಿ ಇಲ್ಲಿಗೆ ಬಂದ್ಯಾ? ಕಣ್ಣು ಬಿಟ್ಟು ನೋಡು, ಇಲ್ಲಿ ಒಂದಡಿ ಬಿದ್ದಿದೆ!"

ನಾನು ತೆಗೆದು ಮಾಡಿದ್ದ ದಾರಿಯಲ್ಲಿ ಸೂಟ್‌ಕೇಸು ಉರುಳಿಸಿಕೊಂಡು ಒಳಗೆ ಹೋಗುತ್ತ ಅವನು ಹೇಳಿದ: "ಬೀಳಲಿ ಬಿಡಿ ಭಾವ. ಅಲ್ಲಾದ್ರೆ ನಾನೇ ತೆಗೀಬೇಕು. ಇಲ್ಲಿ ನೀವಿದೀರಲ್ಲ!"