ಸಾವ್ಕಾರ್ರಿಗೆ ಕೇಳದ ಸಪ್ಪಳ

ಲಾರಿ ಸ್ಟೇರಿಂಗ್ ಹಿಡದವನ ಬಾಳೇವಿನಾಗ ನಗೋ ಪ್ರಸಂಗಕ್ಕ ಬರ ಇಲ್ಲ. ಆದ್ರ ನಗೋರು ಯಾವಾಗ್ಲೂ ಬ್ಯಾರೇದೋರು.

ಇದು ತೊಂಬತ್ತರ ಆಸುಪಾಸಿನ ಮಾತು. ಕಮಲಾಪುರದಿಂದ ಕಲಬುರಗಿಗೆ ಕೆಂಪು ಬಾಳೆಹಣ್ಣು ಹೇರತಿದ್ದೆ. ಲಾರಿ ಮುಂದಿನ ಎಡಗಾಲಿ ಬೇರಿಂಗು ಸವದು ಗೂಂ ಅಂತ ಅಳಾಕತ್ತಿತ್ತು. ಅದರ ಜೋಡಿ ನಾನೂ ಅಳಾಕತ್ತಿದ್ದೆ. ಇಳಿಜಾರಿನ್ಯಾಗ ಬೇರಿಂಗು ಮುರದ್ರ ಗಾಲಿ ಕಿತ್ತಕೊಂಡು ಹೋಗ್ತದ, ಆಮ್ಯಾಲ ನಾ ಮನಿ ಮುಟ್ಟೂ ಮಾತ ಇಲ್ಲ. ದಿನಾ ಹೊರಡೂಮುಂದ ಹೆಂಡ್ತಿ ಮಾರಿ ಎರಡೆರಡು ಸಲ ನೋಡ್ತಿದ್ದೆ. ಅಕಿ "ಏನು ಮರತೀರಿ?" ಅಂತಿದ್ದಳು.

೧. ಸಪ್ಪಳ

ಲಾರಿ ಮಾಲಕರು ನಮ್ಮ ಸಾವ್ಕಾರ್ರು. ಮನಷಾ ಒಳ್ಳೇವ್ರು, ಬಾಯಿ ಮಾತ್ರ ನಿಲ್ಲಂಗಿಲ್ಲ. "ಗಾಲಿ ಸಪ್ಪಳ ಮಾಡಾಕತ್ತದರಿ, ಬೇರಿಂಗು ಬದಲಿ ಮಾಡಸ್ರಿ" ಅಂದೆ. "ನಾನ ಕೇಳ್ತೀನಿ ನಡಿ" ಅಂತ ಬಾಜೂಕ ಬಂದು ಕುಂತ್ರು.

ಕಲಬುರಗಿ ದಾಟೂದ್ರಾಗ ಅವರ ಅಳಿಯನ ಮ್ಯಾಲಿನ ಚಾಡಿ ಶುರು ಆತು. ನಡಕ ನಡಕ ನಾನು "ಈಗ ಕೇಳ್ರಿ, ಈಗ!" ಅಂದ್ರ, "ನೀ ಮೊದಲ ಇದನ್ನ ಕೇಳು" ಅಂತಿದ್ರು. ಕಮಲಾಪುರ ಬಂತು, ಅಳಿಯ ಮುಗೀಲಿಲ್ಲ. ಕೆಳಗ ಇಳದು ಧೋತರ ಝಾಡಿಸಿ, "ಎಲ್ಲದೋ ಸಪ್ಪಳ? ಇಷ್ಟೂ ದಾರಿ ನಂದೊಂದ ದನಿ ಕೇಳ್ತು" ಅಂದ್ರು.

ಅದು ಖರೇನ ಇತ್ತು.

೨. ಕಿವಿ

ಬೇರಿಂಗು ಕೆಟ್ಟದಂದ್ರ ಗಾಲಿ ನಡುವಿನ ಹಬ್ಬು ಕಾಯ್ತದ. ಮರುದಿನ ಕಮಲಾಪುರ ಸ್ಟ್ಯಾಂಡಿನ ಬಲ್ಲಿ ಲಾರಿ ನಿಲ್ಲಿಸಿ ಅದನ್ನ ಮುಟ್ಟಿ ನೋಡಿದೆ. ಯಪ್ಪಾ! ಕಾದ ಹಂಚು. ಬೆರಳು ಸುಟ್ಟೂವು, ತಂಪಾಗ್ಲಂತ ರೂಢಿಯಂಗ ಎರಡೂ ಕೈಲೆ ಕಿವಿ ಹಿಡಕೊಂಡೆ. ಮತ್ತ ಮುಟ್ಟಿದೆ, ಮತ್ತ ಹಿಡಕೊಂಡೆ.

ಬಾಳೆಹಣ್ಣು ಮಾರೋ ಮುದುಕಿಯೊಬ್ಬಾಕಿ ಇದನ್ನ ನೋಡಾಕತ್ತಿದ್ದಳು. ಮಗಾ ಗಾಲಿ ಮುಟ್ಟಿ ತಪ್ಪಾತಂತ ಕಿವಿ ಹಿಡಕೊಳ್ಳಾಕತ್ತಾನ ಅಂತ ತಿಳದು, "ಯಾರ ಮ್ಯಾಲ ಹಾಯಿಸಿ ಬಂದ್ಯೋ ಯಪ್ಪಾ?" ಅಂತ ಬೊಬ್ಬಿ ಹೊಡದಳು. ಅರೆ ಗಳಿಗ್ಯಾಗ ಮಂದಿ ಕೂಡ್ತು, ನಾಕು ಜನ ಲಾರಿ ಕೆಳಗ ಹೆಣ ಹುಡುಕಿದ್ರು.

ಏನೂ ಸಿಗಲಿಲ್ಲಂತ ಎಲ್ಲರ ಮಾರಿನೂ ಸಣ್ಣ ಆಗಿತ್ತು.

೩. ಉಸ್ತಾದ

ಕಡೀಕ ಸಾವ್ಕಾರ್ರನ್ನೂ ಲಾರೀನೂ ಕಲಬುರಗಿ ರೋಜಾ ಓಣಿ ಕಡಿ ಇರೋ ಗ್ಯಾರೇಜಿಗೆ ಎಳಕೊಂಡು ಹೋದೆ. ಮೆಕ್ಯಾನಿಕ್ ಉಸ್ತಾದ ಜಾಕು ಏರಿಸಿ, ಗಾಲಿ ಮ್ಯಾಲ ಕೆಳಗ ಹಿಡದು ಅಲ್ಲಾಡಿಸಿದ. ಬೀಳೋ ಹಲ್ಲಿನಂಗ ಗಡಗಡ ಅಂತು. ಬಿಚ್ಚಿ ತೋರಿಸಿದ್ರ ಒಳಗಿನ ರೋಲರಿಗೆಲ್ಲಾ ಕಜ್ಜಿ ಹತ್ತಿದಂಗ ಗುಳಿ.

ಸಾವ್ಕಾರ್ರು "ಇನ್ನೊಂದು ತಿಂಗಳ ನಡಿಯಂಗಿಲ್ಲೇನು?" ಅಂದ್ರು.

"ಕ್ಯೂಂ ನಹೀಂ ಸಾವ್ಕಾರ್, ಗಾಲಿ ಬರೋಬ್ಬರಿ ನಡಿತದ. ಲಾರಿ ಜೋಡಿ ಇರಂಗಿಲ್ಲ, ಅಷ್ಟ."

೪. ಪೂಜಿ

ಅಂತೂ ಸಾವ್ಕಾರ್ರು ಹೊಸಾ ಬೇರಿಂಗು ತಂದ್ರು. ನನಗ ಮರುಜನ್ಮ ಬಂದಂಗಾತು. ಆದ್ರ ಅವತ್ತು ಅಮಾಸಿ. "ಅಮಾಸಿ ದಿನ ಹೊಸಾದು ಹಾಕಬಾರ್ದು, ನಾಳಿ ತರ್ತೀನಿ" ಅಂತ ಮನಿಗೆ ಒಯ್ದ್ರು.

ಮರುದಿನ ಮುಂಜಾನಿ ಹೊಸಾ ಖಣದ ಬಟ್ಟ್ಯಾಗ ಸುತ್ಕೊಂಡು, ಕೂಸಿನಂಗ ಎರಡೂ ಕೈಯಾಗ ಹಿಡಕೊಂಡು ಬಂದ್ರು. "ಅಂಗಡ್ಯಾವ ಎಣ್ಣಿ ಜಿಡ್ಡು ಮೆತ್ತಿಬಿಟ್ಟಿದ್ದ. ಅದನ್ನ ಹ್ಯಾಂಗ ದೇವರ ಮುಂದ ಇಡೂದು? ನಮ್ಮಾಕಿ ಹುಣಸಿಹಣ್ಣು ಹಚ್ಚಿ ತಿಕ್ಕಿ, ಐದು ಸಲ ನೀರು ಹಾಕಿ, ಹಾಲು ಎರದು, ಈಬತ್ತಿ ಕುಂಕುಮ ಅಕ್ಕಿಕಾಳು ಏರಿಸ್ಯಾಳ. ಡ್ರೈವರನ ಜೀವಕ್ಕ ಏನೂ ಆಗಬಾರ್ದಂತ ರಾತ್ರಿಯೆಲ್ಲಾ ದೇವರ ಜಗಲಿ ಮ್ಯಾಲ ಇಟ್ಟಿದ್ದಳು" ಅಂದ್ರು.

ನನ್ನ ಜೀವದ ಚಿಂತಿ ಮಾಡಿದ ಒಬ್ಬಾಕಿ ತಾಯಿ, ಆಕಿ ಕೈಲೇನ ಬೇರಿಂಗು ಕೆಡಬೇಕಾ! ಬಟ್ಟಿ ಬಿಚ್ಚಿದ್ರ ಬೇರಿಂಗು ಕೆಂಪಗ ಇತ್ತು. ಕುಂಕುಮ ಯಾವುದು, ಜಿಡ್ಡು ಹೋಗಿ ಹತ್ತಿದ ತುಕ್ಕು ಯಾವುದು ತಿಳೀಲಿಲ್ಲ. ಉಸ್ತಾದ ಅಂಗೈ ಮ್ಯಾಲ ಇಟ್ಟು ತಿರವಿದ. ಕರ್ ಕರ್ ಅಂತು. ನಾಕು ಅಕ್ಕಿಕಾಳು ಕೆಳಗ ಉದುರಿದೂವು. ಉಸ್ತಾದ ಅದನ್ನ ನನ್ನ ಕೈಯಾಗ ಕೊಟ್ಟು ಎರಡೂ ಕಿವಿ ಹಿಡಕೊಂಡ. ನಾನೂ ಒಮ್ಮಿ ತಿರವಿದೆ, ಮತ್ತ ಕರ್ ಕರ್ ಅಂತು.

ಸಾವ್ಕಾರ್ರು ಜನ್ಮದಾಗ ಮೊದಲ ಸಲ ಬಾಯಿ ಮುಚ್ಚಿ ನಿಂತ್ರು. ಆಮ್ಯಾಲ ನನ್ನ ಕಡಿ ಹೊಳ್ಳಿ ಅಂದ್ರು:

"ಲೇ, ಏನೋ ಸಪ್ಪಳ ಬರಾಕತ್ತದಲ್ಲೋ!"