ಮರದ ದಿಮ್ಮಿಯ ರೈಲಿಗೆ ನಾನೇ ಡ್ರೈವರ್

ನಂಬಲ್ಲ ಅಂದ್ರೆ ಬಿಡಿ, ನನಗೇನೂ ನಷ್ಟವಿಲ್ಲ. ಇಂದಿರಾನಗರದ ಒಂದು ಮನೆಯ ಮಹಡಿ ಮೇಲೆ ಮರದ ದಿಮ್ಮಿ ಸಾಗಿಸುವ ಗೂಡ್ಸ್ ರೈಲು ಓಡುತ್ತದೆ. ಅದಕ್ಕೆ ಲೋಡ್ ಮಾಡುವವನು ನಾನು. ಒಂದೊಂದು ವ್ಯಾಗನ್ನೂ ಬೆರಳುದ್ದ.

ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದ ಸಾರ್ ಒಬ್ಬರು ದೊಡ್ಡ ಮೇಜಿನ ಮೇಲೆ ಆಟದ ರೈಲಿಗೆ ಹಳಿ, ಬೆಟ್ಟ, ಸುರಂಗ ಎಲ್ಲ ಕಟ್ಟಿದ್ದಾರೆ. ಜೋಗುಪಾಳ್ಯದ ನಮ್ಮ ಮರದಂಗಡಿಯಿಂದ ಅದರ ದಿಮ್ಮಿಗೆ ಬೇಕಾದ ಕಡ್ಡಿ ತಲುಪಿಸಲು ಹೋಗಿದ್ದೆ. ಹೊಸಕೋಟೆ ಕಡೆ ಲಾರಿಗೆ ನೀಲಗಿರಿ ಹೇರಿ ಬೆಳೆದವನು ನಾನು, ಲೋಡಿಂಗ್‌ನಲ್ಲಿ ನನ್ನ ಸಮ ಯಾರಿದ್ದಾರೆ? "ಭಾನುವಾರ ಬಾರಪ್ಪ, ನೀನೇ ಹೇರು," ಅಂದರು.

ಊರಿಗೆ ಫೋನ್ ಮಾಡಿ, "ಬೆಂಗಳೂರಲ್ಲಿ ಗೂಡ್ಸ್ ರೈಲು ಓಡಿಸ್ತಿದ್ದೀನಿ," ಅಂದುಬಿಟ್ಟೆ. ಸೋದರಮಾವ, "ನೋಡೋಕೆ ಬತ್ತೀನಿ," ಅಂದ. ಅವನು ಬರುವಷ್ಟರಲ್ಲಿ ರೈಲು ಓಡಿಸುವ ಕಂಟ್ರೋಲರ್ ಸಾರ್ ಕೈಯಿಂದ ನನ್ನ ಕೈಗೆ ಬರಲೇಬೇಕಿತ್ತು. ಸಾರೋ, ಹೆಂಡತಿಗೂ ಅದನ್ನು ಮುಟ್ಟಿಸಿದವರಲ್ಲ. ಆ ಮೇಜಿನ ಸುತ್ತ ಮಾತ್ರ ಏನಾದರೊಂದು ಆಗುತ್ತಲೇ ಇತ್ತು.

೧. ಗಾಡಿಪೂಜೆ

ಹೊಸ ವ್ಯಾಗನ್‌ಗಳು ಬಂದವು. ದಿಮ್ಮಿ ಉರುಳದಂತೆ ಎರಡೂ ಬದಿಗೆ ಗೂಟ, ನೋಡೋಕೆ ಚೆಂದ. ಪೂಜೆ ಇಲ್ಲದೆ ಹೊಸ ಗಾಡಿ ಓಡಿಸೋದುಂಟಾ? ಹಲಸೂರಿಂದ ನಿಂಬೆಹಣ್ಣು ತಂದು ಚಕ್ರದ ಮುಂದಿಟ್ಟೆ. ಹಣ್ಣೇ ಎಂಜಿನ್‌ಗಿಂತ ಎತ್ತರ.

"ಬಿಡಿ ಸಾರ್ ಗಾಡಿ!"

ಬಿಟ್ಟರು. ಎಂಜಿನ್ ಡಿಕ್ಕಿ ಹೊಡೆದು ಮಗ್ಗುಲಾಯಿತು, ವ್ಯಾಗನ್‌ಗಳೂ ಅದರ ಹಿಂದೆಯೇ ಮಲಗಿದವು. ನಿಂಬೆಹಣ್ಣಿಗೆ ಒಂದು ಗೀರೂ ಇಲ್ಲ. ಮೇಡಂ ಅದನ್ನು ಎತ್ತಿಕೊಂಡು ಹೋಗಿ ಪಾನಕ ಮಾಡಿ ತಂದರು. "ದೃಷ್ಟಿ ಪೂರ್ತಿ ಇಳೀತು, ಕುಡೀರಿ."

೨. ಕೆಂಪು ಬಟ್ಟೆ

ನಮ್ಮ ಕಡೆ ಲಾರಿಯಿಂದ ಮರ ಹೊರಗೆ ಚಾಚದಿದ್ದರೆ ಅದು ಲೋಡೇ ಅಲ್ಲ. ಹಾಗೇ ಹೇರಿದೆ. ಕಡೇ ದಿಮ್ಮಿಯ ತುದಿಗೆ ಕೆಂಪು ಬಟ್ಟೆಯ ಚೂರನ್ನೂ ಕಟ್ಟಿದೆ.

ರೈಲು ಸುರಂಗ ಹೊಕ್ಕಿತು. ಆ ಕಡೆಯಿಂದ ಎಂಜಿನ್ ಒಂಟಿಯಾಗಿ ಬಂತು. ಸಾರ್ ಏದುಸಿರು ಬಿಡುತ್ತ ಬೆಟ್ಟವನ್ನೇ ಎತ್ತಿ ಪಕ್ಕಕ್ಕಿಟ್ಟರು.

"ಈ ಬಟ್ಟೆ ಯಾಕಯ್ಯ?"

"ಹಿಂದೆ ಬರೋ ಗಾಡಿಯೋರಿಗೆ ಕಾಣ್ಲಿ ಅಂತ ಸಾರ್."

"ಹಿಂದೆ ಗೋಡೆ ಇದೆ ಕಣಯ್ಯ!"

೩. ಮಾವ ಬಂದ

ಇಸ್ತ್ರಿ ಪಂಚೆ ಉಟ್ಟು, ಅವರೆಕಾಯಿ ಚೀಲ ಹೊತ್ತು ಮಾವ ಬಂದೇಬಿಟ್ಟ. ಬಾಗಿಲಲ್ಲೇ, "ಸ್ಟೇಷನ್ ಎಲ್ಲೈತೆ?" ಅಂದ. ಮಹಡಿ ಹತ್ತಿಸಿದೆ. ಮೇಜಿನ ಮೇಲೆ ನೋಡಿದ. ಬಗ್ಗಿ ಮೇಜಿನ ಕೆಳಗೂ ನೋಡಿದ.

"ಇದೇನ್ಲಾ ನೀನು ಓಡ್ಸೋ ರೈಲು?"

"ಹೂಂ ಮಾವ. ಸಾರ್, ಇಲ್ಲಿ ಕೊಡಿ, ಒಂದು ರೌಂಡ್ ತೋರಿಸ್ತೀನಿ."

ಸಾರ್ ಕಂಟ್ರೋಲರನ್ನು ಎದೆಗೆ ಅವಚಿಕೊಂಡರು. ಮಾವ ಅವರ ಮುಖ ನೋಡಿದ, ನನ್ನ ಮುಖ ನೋಡಿದ.

"ಸ್ವಾಮಿ, ಡ್ರೈವರು ನೀವು. ಹಂಗಾದ್ರೆ ಇವನು ಕ್ಲೀನರ್ರಾ?"

ಎಂದೂ ನಗದ ಸಾರ್ ಕೆಮ್ಮು ಬರುವ ತನಕ ನಕ್ಕರು. "ಬನ್ನಿ ಯಜಮಾನ್ರೇ, ನೀವೇ ಓಡಿಸಿ."

ಮಾವ ಹೆಗಲ ಟವೆಲನ್ನು ತಲೆಗೆ ಸುತ್ತಿ, ಕಂಟ್ರೋಲರನ್ನು ಕಣ್ಣಿಗೊತ್ತಿಕೊಂಡು ತಿರುಗಿಸಿದ. ಬಾಯಲ್ಲೇ 'ಕೂ' ಅಂದ. ದಿಮ್ಮಿ ಹೊತ್ತ ರೈಲು ಸುರಂಗ ದಾಟಿತು, ಒಂದು ಕಡ್ಡಿಯೂ ಬೀಳಲಿಲ್ಲ. ಆ ಸಂಭ್ರಮದಲ್ಲೇ ಅತ್ತೆಗೆ ಫೋನ್ ಮಾಡಿದ.

"ರೈಲು ಓಡುಸ್ತಾ ಇವ್ನಿ ಕಣೇ! ಅಲ್ಲ, ನಾನು! ಅವನಾ? ಪಕ್ಕದಲ್ಲಿ ನಿಂತವ್ನೆ."

"ಸಾರ್, ನನಗೆ?" ಅಂದೆ.

ಸಾರ್ ಮೇಜಿನ ಸುತ್ತ ಕಣ್ಣಾಡಿಸಿದರು. ಹಳಿಗೆ ರಸ್ತೆ ಅಡ್ಡ ಬರುವಲ್ಲಿ ಬೆಂಕಿಕಡ್ಡಿಯಷ್ಟುದ್ದದ ಗೇಟು ಒಂದಿತ್ತು. "ರೈಲು ಬಂದಾಗ ಹಾಕು, ಹೋದ್ಮೇಲೆ ತೆಗಿ," ಅಂದರು.

ನನಗೆ ಗೇಟು ಕೊಟ್ಟರು.