ನಕಾಶೆಯ ಮೇಲೊಂದು ಚುಕ್ಕೆ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬಾಡಿಗೆಗಿದ್ದ ಪ್ರಾಣಿಶಾಸ್ತ್ರದ ಮೇಷ್ಟ್ರು ಜ್ಞಾನೇಶನ ಬಚ್ಚಲಿಗೆ ಹಾವು ಬಂದದ್ದೇ ಎಲ್ಲಕ್ಕೂ ಮೂಲ. ಬೇರೆ ಯಾರ ಬಚ್ಚಲಿಗೆ ಬಂದಿದ್ದರೂ ಅದು ದೊಣ್ಣೆ ಪೆಟ್ಟು ತಿನ್ನುತ್ತಿತ್ತು. ಜ್ಞಾನೇಶ ಮಾತ್ರ ಕಪ್ಪು ಮೈಮೇಲಿನ ಹಳದಿ ಪಟ್ಟಿಗಳನ್ನು ಕಂಡು, ಟವೆಲು ಸುತ್ತಿಕೊಂಡೇ ಕೈ ಮುಗಿದ.

ಘೋರ ವಿಷದ ಕಟ್ಟು ಹಾವುಗಳ ಕುಲದ ಬಗ್ಗೆ ಅವನಿಗೆ ಎಲ್ಲಿಲ್ಲದ ಹುಚ್ಚು. ಬಿಳಿ ಪಟ್ಟಿಯವು ನಮ್ಮ ಕಡೆ ಧಾರಾಳ. ಹಳದಿ ಪಟ್ಟಿಯ ಜಾತಿಯ ನೆಲೆ ಹೆಚ್ಚಾಗಿ ಅಸ್ಸಾಂ, ಬಂಗಾಳದ ಕಡೆ. ಹಾವು ಕಂಡ ಊರಿಗೆಲ್ಲ ಚುಕ್ಕೆ ಇಟ್ಟು, ಕಂಡವರ ಹೆಸರು ಬರೆಯುವ ನಕಾಶೆಯಲ್ಲಿ ದಕ್ಷಿಣಕ್ಕೆ ಬರುಬರುತ್ತಾ ಅದರ ಚುಕ್ಕೆಗಳು ವಿರಳವಾಗಿ, ಶಿವಮೊಗ್ಗ ಜಿಲ್ಲೆಯಲ್ಲಿ ಒಂದೂ ಇರಲಿಲ್ಲ. ಇಲ್ಲೊಂದು ಚುಕ್ಕೆ ಬಿದ್ದರೆ ಅದರ ಪಕ್ಕದಲ್ಲಿ ಜ್ಞಾನೇಶನ ಹೆಸರು! ಹೆಸರು ಬಂದರೆ ಅರೆಕಾಲಿಕ ಕೆಲಸ ಕಾಯಂ ಆಗಲೂಬಹುದು. ಹಾವುಗಳ ವಿಷಯದಲ್ಲಿ ಕಡೆಯ ಮಾತು ಎನಿಸಿದ ಪ್ರೊಫೆಸರ್ ವಿಶ್ವಾರಾಧ್ಯರು ಬೇರೆ ಅವತ್ತು ಶಿವಮೊಗ್ಗದಲ್ಲಿದ್ದರು. ಮಧ್ಯಾಹ್ನದ ಬಸ್ಸಿಗೆ ಬೆಂಗಳೂರಿಗೆ ಹೊರಡುವವರಿದ್ದರು.

ಅದುವರೆಗೆ ಜ್ಞಾನೇಶ ಹತ್ತಿರದಿಂದ ಕಂಡ ಹಾವುಗಳೆಲ್ಲ ಕಾಲೇಜಿನ ಸೀಸೆಯೊಳಗಿನವು. ಆದರೂ ಚುಕ್ಕೆಯ ಆಸೆ ಧೈರ್ಯ ಕೊಟ್ಟಿತು. ಪೊರಕೆಯಿಂದ ತಳ್ಳಿ ತಳ್ಳಿ, ಹಾವನ್ನು ದಿಂಬಿನ ಚೀಲಕ್ಕೆ ಇಳಿಸಿ ಗಂಟು ಹಾಕಿದ. ಚೀಲ ಪಕ್ಕದ ಮನೆ ಶಾಂತಮ್ಮನವರದು. ಹಳೆಯದು ಹರಿದೀತು ಎಂದು, ತಾವೇ ಗುಲಾಬಿ ಹೂವಿನ ಕಸೂತಿ ಹಾಕಿದ ಹೊಸದನ್ನೇ ಕೊಟ್ಟಿದ್ದರು.

ಶಿವಮೊಗ್ಗದ ಬಸ್ಸು ಅವಲಕ್ಕಿ ಡಬ್ಬದಂತೆ ತುಂಬಿತ್ತು. ಜ್ಞಾನೇಶ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಹಿಡಿದು ನಿಂತ. ಸೀಟಿನಲ್ಲಿ ಕೂತಿದ್ದ ಉಚ್ಚಂಗಮ್ಮ, ಮಗಳ ಬಾಣಂತನಕ್ಕೆ ಹೊರಟಿದ್ದ ಹೆಂಗಸು, ಅವನ ಅವಸ್ಥೆ ನೋಡಲಾರದೆ ಕೈ ಚಾಚಿದಳು.

"ಕೊಡಪ್ಪಾ ಇಲ್ಲಿ ಚೀಲ. ಎಷ್ಟೊತ್ತು ಜೋತಾಡ್ತೀಯ?"

"ಬೇಡಮ್ಮಾ, ಭಾರ ಏನಿಲ್ಲ."

"ಭಾರ ಇಲ್ದಿದ್ರೆ ನಂಗೇನ್ ಕಷ್ಟ? ಕೊಡು ಮಾರಾಯ!"

ಕೂತವರು ನಿಂತವರ ಚೀಲ ಹಿಡಿಯುವುದು ನಮ್ಮ ಬಸ್ಸುಗಳಲ್ಲಿ ಯಾರೂ ಹೇಳಿಕೊಡದ ಧರ್ಮ. ಬೇಡವೆಂದರೆ ಅವರಿಗೆ ಬೇಜಾರು. ಅಷ್ಟರಲ್ಲಿ ಡ್ರೈವರು ಬ್ರೇಕು ಒತ್ತಿದ. ಜ್ಞಾನೇಶ ಎರಡೂ ಕೈಯಲ್ಲಿ ಕಂಬಿ ಹಿಡಿದ. ಚೀಲ ಉಚ್ಚಂಗಮ್ಮನ ಮಡಿಲು ಸೇರಿತು.

"ಏನಪ್ಪಾ ಇದು, ಮಿಸುಕ್ತದಲ್ಲಾ?"

"ಕೋಳಿ... ಕೋಳಿಮರಿ ಅಮ್ಮಾ."

"ಅಯ್ಯೋ ಶಿವನೇ! ಹಿಂಗಾ ಬಿಗಿಯೋದು? ಉಸಿರಾಡಕ್ಕೆ ದಾರಿ ಬೇಡ್ವಾ ಅದುಕ್ಕೆ? ಓದಿದೋನಂಗೆ ಕಾಣ್ತೀಯ!"

ಅವನು ಬಗ್ಗುವುದರೊಳಗೆ ಆ ಕರುಣಾಮಯಿ ಗಂಟು ಸಡಿಲಿಸಿಬಿಟ್ಟಿದ್ದಳು. ಹಾವು ಹೊರಬಂದು, ಟಿಕೆಟ್ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಸೀಟುಗಳ ಕೆಳಗೆ ನಿಧಾನವಾಗಿ ಹೊರಟಿತು. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ನಡುದಾರಿಯೆಲ್ಲ ಕ್ಷಣದಲ್ಲಿ ಖಾಲಿ. ಜನ ಒಬ್ಬರ ಹೆಗಲ ಮೇಲೊಬ್ಬರಿದ್ದರು. ಮಾಚೇನಹಳ್ಳಿಯಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಮಂಜಪ್ಪ ಕಬ್ಬಿಣದ ರಾಡು ಹಿಡಿದು ಬಂದ.

ರಾಡಿನ ಪೆಟ್ಟು ಬೀಳುವುದು ಹಾವಿನ ಮೇಲಲ್ಲ, ಚುಕ್ಕೆಯ ಮೇಲೆ ಎನ್ನಿಸಿತು ಜ್ಞಾನೇಶನಿಗೆ.

"ಹೊಡೀಬೇಡಿ! ಅದು ತೋಳ ಹಾವು! ವಿಷ ಇಲ್ಲ!" ಎಂದು ಬಾಯಿಗೆ ಬಂದ ಸುಳ್ಳು ಕೂಗಿದ.

"ನಿಮಗೆಂಗೆ ಗೊತ್ತು?"

"ನಾನು ಕಾಲೇಜಲ್ಲಿ ಅದನ್ನೇ ಪಾಠ ಮಾಡೋದು."

"ಹಂಗಾದ್ರೆ ಕೈಯಲ್ಲಿ ಹಿಡೀರಿ ಸಾರ್, ನೋಡಣ."

ಜ್ಞಾನೇಶ ಕಣ್ಣು ಮುಚ್ಚಿ ಕೈ ಹಾಕಿದ. ಹಾವು ಅವನ ಹೆಬ್ಬೆರಳಿಗೆ ಕಚಕ್ಕನೆ ಬಾಯಿ ಹಾಕಿತು.

"ನೋಡಿದ್ರಾ? ಏನೂ ಆಗಲ್ಲ," ಎಂದ. ಆ ಧ್ವನಿ ತನ್ನದೇ ಎಂದು ಅವನಿಗೆ ನಂಬಿಕೆ ಬರಲಿಲ್ಲ.

ಚಪ್ಪಾಳೆಯೋ ಚಪ್ಪಾಳೆ! ಒಬ್ಬರು ಸೀಟು ಬಿಟ್ಟುಕೊಟ್ಟರು. ಉಚ್ಚಂಗಮ್ಮ ಮೊಮ್ಮಗುವಿಗೆಂದು ತಂದಿದ್ದ ಮೆತ್ತನೆಯ ಬಟ್ಟೆ ಹರಿದು ಬೆರಳಿಗೆ ಕಟ್ಟಿದಳು. ಹಾವು ಪುನಃ ಕಸೂತಿ ಚೀಲ ಸೇರಿತು.

"ನೋವಾಗ್ತದಾ ಮಗಾ?"

"ಇಲ್ಲಮ್ಮಾ," ಎಂದವನೇ ಜ್ಞಾನೇಶ ಬೆವರಿದ. ಕಟ್ಟು ಹಾವು ಕಡಿದರೆ ನೋವೇ ಗೊತ್ತಾಗುವುದಿಲ್ಲವೆಂದು ಅವನೇ ಹುಡುಗರಿಗೆ ನೋಟ್ಸ್ ಬರೆಸಿದ್ದ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ. ಬೆರಳಿನಿಂದ ರೆಪ್ಪೆ ಎತ್ತಿ ಬಿಟ್ಟ. ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು.

"ಕಂಡಕ್ಟರೇ, ಬಸ್ಸು ಸೀದಾ ಆಸ್ಪತ್ರೆಗೆ ಬಿಡಿ! ಇದು ಘೋರ ವಿಷದ ಹಾವು!"

ಬಸ್ಸಿಗೆ ಬಸ್ಸೇ ನಕ್ಕಿತು. "ಏನ್ ತಮಾಷೆ ಮಾಡ್ತಾರೆ ನಮ್ ಮೇಷ್ಟ್ರು!" ಎಂದ ಮಂಜಪ್ಪ. ಆಮೇಲೆ ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಲ್ಲಿಸಿ, ಹತ್ತಿದವರಿಗೆಲ್ಲ ಮೇಷ್ಟ್ರ ಸಾಹಸ ವರ್ಣಿಸಿದ. ಒಂದೊಂದು ಸ್ಟಾಪಿನಲ್ಲೂ ಜ್ಞಾನೇಶ ಅಷ್ಟಷ್ಟೇ ಸತ್ತ.

ಶಿವಮೊಗ್ಗದ ನಿಲ್ದಾಣದಲ್ಲಿ ಜನ ಅವನನ್ನು ಹೆಗಲ ಮೇಲೆ ಹೊತ್ತೇ ಇಳಿಸಿದರು. ವಿಶ್ವಾರಾಧ್ಯರು ಬೆಂಗಳೂರು ಬಸ್ಸಿನ ಪಕ್ಕ ಬಾಳೆಹಣ್ಣು ತಿನ್ನುತ್ತಿದ್ದರು. ಜ್ಞಾನೇಶ ಓಡಿಹೋಗಿ ಚೀಲ ಚಾಚಿದ.

"ಸಾರ್, ಹಳದಿ ಪಟ್ಟಿ ಕಟ್ಟು ಹಾವು. ಜಿಲ್ಲೆಗೇ ಮೊದಲನೇದು. ನಂಗೆ ಕಡಿದಿದೆ. ಸತ್ರೂ ಪರವಾಗಿಲ್ಲ ಸಾರ್, ಚುಕ್ಕೆ ನನ್ನ ಹೆಸರಲ್ಲೇ ಹಾಕಿ!"

ಪ್ರೊಫೆಸರು ಗಾಬರಿಯಿಂದ ಹಣ್ಣು ಬಿಸಾಡಿ, ಚೀಲದ ಬಾಯಿ ಬಿಚ್ಚಿ, ಕನ್ನಡಕ ಏರಿಸಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಅರಳಿತು.

"ಕಟ್ಟು ಹಾವಿಗೆ ಬೆನ್ನ ನಡುವಿನ ಸಾಲಿನ ಹುರುಪೆ ಅಗಲ ಇರುತ್ತೆ. ಇದಕ್ಕೆ ಎಲ್ಲಾ ಒಂದೇ ಅಳತೆ. ಪಟ್ಟಿ ಕತ್ತಿನ ಹತ್ರ ಢಾಳಾಗಿದೆ, ಬಾಲದ ಕಡೆ ಮಾಸಿದೆ. ತೋಳ ಹಾವು ಕಣಯ್ಯಾ!"

"ವಿಷ, ಸಾರ್?"

"ಎಲ್ಲಿಂದ ಬರುತ್ತೆ?"

ಜ್ಞಾನೇಶ ಪ್ರೊಫೆಸರನ್ನು ತಬ್ಬಿಕೊಂಡು ಕುಣಿದ. "ಮೇಷ್ಟ್ರು ಆಗ್ಲೇ ಹೇಳಿದ್ರಲ್ಲ!" ಎಂದು ಜನ ಕೇಕೆ ಹಾಕಿದರು. ಮಂಜಪ್ಪ ತನ್ನ ಬಸ್ಸಿನ ಮುಂದಿನ ಸೇವಂತಿಗೆ ಹಾರವನ್ನೇ ಬಿಚ್ಚಿ ತಂದು ಹಾಕಿದ. ನಿಲ್ದಾಣಕ್ಕೆ ನಿಲ್ದಾಣವೇ ಜೈಕಾರ ಕೂಗಿತು.

ಹಾರ ಕತ್ತಿಗೆ ಬಿದ್ದಮೇಲೆ ಅವನಿಗೆ ನೆನಪಾಯಿತು.

"ಹಾಗಾದ್ರೆ ಸಾರ್... ನನ್ನ ಚುಕ್ಕೆ?"

ಬಸ್ಸು ಹೊರಟಿತ್ತು. ಮೆಟ್ಟಿಲ ಮೇಲಿದ್ದ ವಿಶ್ವಾರಾಧ್ಯರು ಅಕ್ಕರೆಯಿಂದ ತಿರುಗಿ ನೋಡಿದರು.

"ಬೆರಳಿಗೆ ಡೆಟಾಲ್ ಹಾಕ್ಕೋ ಮಾರಾಯ. ನಿಮ್ಮ ಜಿಲ್ಲೆಯ ನಕಾಶೆಯಲ್ಲಿ ತೋಳ ಹಾವಿಗೆ ಈಗಾಗಲೇ ಎಷ್ಟು ಚುಕ್ಕೆ ಇದೆ ಅಂದ್ರೆ, ಇನ್ನೊಂದು ಹಾಕೋಕೆ ಜಾಗವೇ ಇಲ್ಲ!"